ಸಾರ್ಜೆಂಟ್ ಟ್ರಾಯ್‌ನನ್ನು ಹೇಗೆ ಆಡುವುದು: ಒಂದು ಹವ್ಯಾಸಿ ತಂಡದ ಪ್ರಕರಣ ಅಧ್ಯಯನ

ಹಿನ್ನೆಲೆ

ಥಾಮಸ್ ಹಾರ್ಡಿಯ 'ಫಾರ್ ಫ್ರಮ್ ದ ಮ್ಯಾಡಿಂಗ್ ಕ್ರೌಡ್' ಕಾದಂಬರಿಯನ್ನು ಕನ್ನಡದಲ್ಲಿ ನಾಟಕ ಮಾಡಲು ಒಂದು ಹವ್ಯಾಸಿ ತಂಡ ಹೊರಟಿತ್ತು. ಜಿಲ್ಲಾ ಕೇಂದ್ರವೊಂದರ ತಂಡ. ಹಗಲು ಬ್ಯಾಂಕು, ಶಾಲೆ, ಕಾಲೇಜು; ಸಂಜೆ ತಾಲೀಮು. ಊರಿನ ಹೆಸರು, ತಂಡದ ಹೆಸರು, ಕಲಾವಿದರ ಹೆಸರು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಹತ್ತುವಂಥ ಒಂದೆರಡು ವಿವರಗಳನ್ನೂ ಬದಲಾಯಿಸಿದ್ದೇನೆ. ರಂಗಪಠ್ಯ ತಿದ್ದಲು ನನ್ನನ್ನು ಕರೆದಿದ್ದರು, ಹಾಗಾಗಿ ತಾಲೀಮಿನಲ್ಲಿ ಕೂತು ಎಲ್ಲವನ್ನೂ ನೋಡಿದೆ. ತಂಡದವರು ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಇಂಥ ಪಾತ್ರವನ್ನು ರಂಗಕ್ಕೆ ತರುವವರಿಗೆ ಇವರು ಪಟ್ಟ ಪಾಡು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ನಂಬಿಕೆ.

ಕಾದಂಬರಿ ಓದದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಇದು 1874ರಲ್ಲಿ 'ಕಾರ್ನ್‌ಹಿಲ್' ಎಂಬ ಮಾಸಪತ್ರಿಕೆಯಲ್ಲಿ, ಲೇಖಕನ ಹೆಸರಿಲ್ಲದೆ ಧಾರಾವಾಹಿಯಾಗಿ ಬಂತು. ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ಹಳ್ಳಿಗಾಡಿನ ಕಥೆ. ಬಾತ್‌ಶೆಬಾ ಎವರ್ಡೀನ್ ಎಂಬ ಹುಡುಗಿಗೆ ದೊಡ್ಡಪ್ಪನ ಬೇಸಾಯ ಕೈಗೆ ಬರುತ್ತದೆ. ಹೆಂಗಸಾಗಿ ತಾನೇ ನಿಂತು ಜಮೀನು ನೋಡಿಕೊಳ್ಳುತ್ತಾಳೆ. ಅವಳನ್ನು ಬಯಸುವವರು ಮೂವರು. ಕುರಿ ಕಾಯುವ ಗೇಬ್ರಿಯಲ್ ಓಕ್, ಪಕ್ಕದ ಸಾಹುಕಾರ ಬೋಲ್ಡ್‌ವುಡ್, ಮತ್ತು ಡ್ರಾಗೂನ್ ಎಂಬ ಕುದುರೆ ಪಡೆಯ ಸಾರ್ಜೆಂಟ್ ಫ್ರಾನ್ಸಿಸ್ ಟ್ರಾಯ್. ಅವಳು ಒಲಿಯುವುದು ಮೂರನೆಯವನಿಗೆ. ಆದರೆ ಅವನು ಅದಕ್ಕೂ ಮೊದಲೇ ಇವಳ ಮನೆಯ ಕೆಲಸದ ಹುಡುಗಿ ಫ್ಯಾನಿ ರಾಬಿನ್‌ಗೆ ಮದುವೆಯ ಮಾತು ಕೊಟ್ಟಿರುತ್ತಾನೆ. ಫ್ಯಾನಿ ಬಸುರಿಯಾಗಿ, ದಿಕ್ಕಿಲ್ಲದೆ, ಬಡವರ ವಸತಿಗೃಹದಲ್ಲಿ ಸಾಯುತ್ತಾಳೆ.

ತಂಡದ ನಿರ್ದೇಶಕಿ ಈ ಕಾದಂಬರಿಯನ್ನು ಕಾಲೇಜಿನಲ್ಲಿ ಓದಿದವರು. ಪಾತ್ರ ಹಂಚಿಕೆ ಸಲೀಸಾಗಿಯೇ ಆಯಿತು. ಟ್ರಾಯ್ ಪಾತ್ರಕ್ಕೆ ಸಿಕ್ಕ ಹುಡುಗ ನೋಡಲು ಲಕ್ಷಣವಾಗಿದ್ದ, ಕಂಠ ಚೆನ್ನಾಗಿತ್ತು, ಮೈ ಹಗುರ. ಬಾತ್‌ಶೆಬಾ ಪಾತ್ರಕ್ಕೆ ಒಬ್ಬ ಹೈಸ್ಕೂಲ್ ಟೀಚರ್. ಫ್ಯಾನಿಗೆ ಡಿಗ್ರಿ ಓದುವ ಹುಡುಗಿ. ಅವಳಿಗೆ ಅದೇ ಮೊದಲ ನಾಟಕ.

ಶುರುವಿನಲ್ಲೇ ಒಂದು ಚರ್ಚೆ ಎದ್ದಿತ್ತು. ಕಥೆಯನ್ನು ನಮ್ಮ ಕಡೆಗೇ ತಂದುಬಿಡೋಣ, ಟ್ರಾಯ್‌ನನ್ನು ರಜೆಗೆ ಊರಿಗೆ ಬಂದ ಸೈನಿಕನನ್ನಾಗಿ ಮಾಡೋಣ ಎಂದು ಕೆಲವರ ಸಲಹೆ. ನಿರ್ದೇಶಕಿ ಒಪ್ಪಲಿಲ್ಲ. ಅವರು ಕೊಟ್ಟ ಕಾರಣ ನನಗೆ ಹಿಡಿಸಿತು. ಟ್ರಾಯ್ ಮಾಡುವ ಮೋಸ ಅವನ ಕಾಲದ ಕಟ್ಟಳೆಗಳ ಮೇಲೆ ನಿಂತಿದೆ. ಆಗ ಅಲ್ಲಿನ ಸಿಪಾಯಿ ಮದುವೆಯಾಗಬೇಕಾದರೆ ಮೇಲಧಿಕಾರಿಯ ಅಪ್ಪಣೆ ಬೇಕಿತ್ತು. 'ಅಪ್ಪಣೆ ಸಿಕ್ಕಿಲ್ಲ' ಎಂಬ ನೆಪ ಅವನಿಗೆ ಸುಲಭವಾಗಿ ಒದಗುತ್ತದೆ. ಮದುವೆಯಾದ ಹೆಂಗಸಿನ ಆಸ್ತಿ ಅವಳದೇ ಎಂದು ಪೂರ್ತಿಯಾಗಿ ಒಪ್ಪಿಕೊಂಡ ಕಾಯ್ದೆ ಅಲ್ಲಿ ಬಂದದ್ದು 1882ರಲ್ಲಿ. ಹಾಗಾಗಿ ಮದುವೆಯ ಮಾರನೆಯ ದಿನದಿಂದಲೇ ಬಾತ್‌ಶೆಬಾಳ ಫಸಲು, ದನಕರು, ದುಡ್ಡು ಎಲ್ಲದರ ಮೇಲೂ ಅವನ ಕೈ ಆಡುತ್ತದೆ. ವಿಚ್ಛೇದನಕ್ಕೂ ಸುಲಭದ ದಾರಿ ಇರಲಿಲ್ಲ. 1857ರ ಕಾಯ್ದೆಯ ಪ್ರಕಾರ ಗಂಡನಿಗೆ ಬೇರೆ ಹೆಣ್ಣಿನ ಸಂಬಂಧ ಇದೆ ಎಂಬುದೊಂದೇ ಸಾಲದು; ಅದರ ಜೊತೆ ಕ್ರೌರ್ಯವನ್ನೋ, ಬಿಟ್ಟುಹೋದದ್ದನ್ನೋ ಹೆಂಡತಿ ತೋರಿಸಬೇಕಿತ್ತು. ಇದೆಲ್ಲ ಬಿಟ್ಟು ಬರೀ ಚೆಲುವ ಸೈನಿಕನನ್ನು ಮಾತ್ರ ಇಲ್ಲಿಗೆ ಎತ್ತಿಕೊಂಡು ಬಂದರೆ ಕಥೆಗೆ ಕಾಲೇ ಇರುವುದಿಲ್ಲ. ಹಾಗಾಗಿ ಊರು ಡಾರ್ಸೆಟ್ಟೇ ಆಯಿತು, ಮಾತು ಮಾತ್ರ ಕನ್ನಡ.

ಸಮಸ್ಯೆ

ಮೊದಲ ಪಠ್ಯದಲ್ಲಿ ಟ್ರಾಯ್ ಒಬ್ಬ ಖಳನಾಯಕ. ರಂಗಕ್ಕೆ ಬಂದ ಕೂಡಲೇ ಪ್ರೇಕ್ಷಕರತ್ತ ಒಂದು ಓರೆನಗೆ. ಬಾತ್‌ಶೆಬಾ ಬೆನ್ನು ತಿರುಗಿಸಿದಾಗಲೆಲ್ಲ ಮುಖದಲ್ಲಿ ಕುತಂತ್ರ. ಆಪ್ತರನ್ನಷ್ಟೇ ಕರೆದು ಒಂದು ಪ್ರದರ್ಶನ ಮಾಡಿದರು. ಮುಗಿದ ಮೇಲೆ ಹಿರಿಯರೊಬ್ಬರು ಕೇಳಿದ ಪ್ರಶ್ನೆ ಇಡೀ ತಂಡವನ್ನು ಸುಮ್ಮನಾಗಿಸಿತು: "ಅಲ್ಲಮ್ಮಾ, ಇವನು ಕಳ್ಳ ಅಂತ ಕಡೇ ಸಾಲಿನಲ್ಲಿ ಕೂತ ನನಗೇ ಗೊತ್ತಾಯ್ತು. ಪಕ್ಕದಲ್ಲೇ ನಿಂತ ಅವಳಿಗೆ ಗೊತ್ತಾಗಲಿಲ್ವಾ?"

ಅಂದರೆ ನಾಟಕ ಟ್ರಾಯ್‌ನನ್ನು ಬಯ್ಯಲು ಹೋಗಿ ಬಾತ್‌ಶೆಬಾಳನ್ನು ದಡ್ಡಿ ಮಾಡಿಬಿಟ್ಟಿತ್ತು. ನೋಡುವವರಿಗೆ ಸಿಟ್ಟು ಬಂದದ್ದು ಅವಳ ಮೇಲೆ. ಇದು ಸಣ್ಣ ತೊಂದರೆಯಲ್ಲ. ಕಾದಂಬರಿಯಲ್ಲಿ ಅವಳು ಜಾಣೆ. ಸಂತೆಯಲ್ಲಿ ಗಂಡಸರ ನಡುವೆ ನಿಂತು ಕಾಳಿನ ಬೆಲೆ ಕುದುರಿಸುವವಳು, ಕಳ್ಳತನ ಮಾಡಿದ ಮೇಸ್ತ್ರಿಯನ್ನು ರಾತ್ರೋರಾತ್ರಿ ಕೆಲಸದಿಂದ ಓಡಿಸಿದವಳು. ಅಂಥವಳೇ ಜಾರಿದಳು ಎಂಬುದರಲ್ಲಿ ಕಥೆಯ ನೋವಿದೆ.

ಏನೇನು ಪ್ರಯತ್ನ ಮಾಡಿದರು

ಎರಡನೇ ಪಠ್ಯದಲ್ಲಿ ನಿರ್ದೇಶಕಿ ಎಲ್ಲವನ್ನೂ ತಿರುಗಿಸಿದರು. ಟ್ರಾಯ್ ಈಗ ಮನಸೂರೆಗೊಳ್ಳುವವನು. ಓರೆನಗೆ ಹೋಯಿತು. ಆ ಹುಡುಗನಿಗೆ ಅವರು ಕೊಟ್ಟ ಸೂಚನೆ ಒಂದೇ: "ಹೇಳುವ ಪ್ರತಿ ಮಾತನ್ನೂ ಆ ಕ್ಷಣಕ್ಕೆ ನೀನು ನಂಬಬೇಕು."

ಇದು ಹಾರ್ಡಿಗೆ ತುಂಬ ಹತ್ತಿರದ ಸೂಚನೆ. ಟ್ರಾಯ್‌ಗೆ ನೆನಪು ಒಂದು ಭಾರ, ನಾಳೆಯ ಯೋಚನೆ ಒಂದು ದಂಡ. ಅವನು ಬದುಕುವುದು ಈ ಕ್ಷಣದಲ್ಲಿ ಮಾತ್ರ. ಗಂಡಸರ ಹತ್ತಿರ ತಕ್ಕ ಮಟ್ಟಿಗೆ ನಿಜ ಹೇಳುತ್ತಾನೆ, ಹೆಂಗಸರ ಹತ್ತಿರ ಸುಳ್ಳಿನ ಸುರಿಮಳೆ. ಆದರೆ ಅವನದು ಕೂತು ಲೆಕ್ಕ ಹಾಕಿ ಹೆಣೆಯುವ ಸುಳ್ಳಲ್ಲ. ಹುಲ್ಲಿನ ಗದ್ದೆಯಲ್ಲಿ ಎರಡನೇ ಸಲವೋ ಏನೋ ಭೇಟಿಯಾದಾಗಲೇ ತನ್ನ ಚಿನ್ನದ ಗಡಿಯಾರ ತೆಗೆದು ಬಾತ್‌ಶೆಬಾಳ ಕೈಗಿಡುತ್ತಾನೆ. ಶ್ರೀಮಂತ ಮನೆತನದಿಂದ ಬಂದ ಗಡಿಯಾರ, ಅವನ ಹತ್ತಿರ ಇರುವ ಒಂದೇ ಒಂದು ಬೆಲೆಬಾಳುವ ವಸ್ತು. ಆ ಹೊತ್ತಿಗೆ ಅವನು ನಿಜವಾಗಿಯೂ ಕೊಡುತ್ತಿದ್ದಾನೆ. ಅದರ ಮೇಲೆ ಲ್ಯಾಟಿನ್ನಿನಲ್ಲಿ ಒಂದು ಸಾಲು ಕೊರೆದಿದೆ: ಪರಿಸ್ಥಿತಿಯ ಮುಂದೆ ಪ್ರೀತಿ ಮಣಿಯುತ್ತದೆ ಎಂದು ಅದರ ಅರ್ಥ. ಅದನ್ನು ಅವಳಿಗೆ ಓದಿ ಹೇಳುವವನೂ ಅವನೇ.

ಕತ್ತಿವರಸೆಯ ದೃಶ್ಯಕ್ಕೆ ತಂಡ ಜಾಸ್ತಿ ಹೊತ್ತು ಕೊಟ್ಟಿತು. ಕೊಡಲೇಬೇಕು. ಕಾದಂಬರಿಯ 28ನೇ ಅಧ್ಯಾಯ. ಬೇಸಿಗೆಯ ಸಂಜೆ ಎಂಟರ ಹೊತ್ತು, ಜರೀಗಿಡಗಳು ಸುತ್ತುವರಿದ ಒಂದು ತಗ್ಗು. ಬಾತ್‌ಶೆಬಾಳನ್ನು ಅಲ್ಲಾಡದೆ ನಿಲ್ಲಿಸಿ ಟ್ರಾಯ್ ಅವಳ ಸುತ್ತ ಕತ್ತಿ ಬೀಸುತ್ತಾನೆ. ಕತ್ತಿಗೆ ಮೊನಚಿಲ್ಲ ಎಂದು ಮೊದಲೇ ಹೇಳಿ ಧೈರ್ಯ ತುಂಬಿರುತ್ತಾನೆ. ಅವಳ ಕೂದಲಿನ ಒಂದು ಎಳೆ ಕತ್ತರಿಸಿ ಬೀಳುತ್ತದೆ. ರವಿಕೆಯ ಮೇಲೆ ಕೂತ ಕಂಬಳಿಹುಳುವನ್ನು ಕತ್ತಿಯ ತುದಿಯಿಂದ ಎತ್ತುತ್ತಾನೆ. ಎಲ್ಲ ಮುಗಿದ ಮೇಲೆ ಹೇಳುತ್ತಾನೆ: ಇದಕ್ಕೆ ಕ್ಷೌರದ ಕತ್ತಿಯಷ್ಟು ಹರಿತ ಇದೆ. ಸುಳ್ಳು ಹೇಳಿ ನಿಲ್ಲಿಸಿದ್ದ, ನಿಜ ಹೇಳಿ ಬೆರಗಾಗಿಸುತ್ತಾನೆ. ಆಮೇಲೆ ಒಂದು ಮುತ್ತು ಕೊಟ್ಟು ಹೊರಟುಹೋಗುತ್ತಾನೆ.

ತಂಡ ಸಿನಿಮಾಗಳನ್ನೂ ನೋಡಿತು. 1967ರಲ್ಲಿ ಜಾನ್ ಶ್ಲೆಸಿಂಜರ್ ನಿರ್ದೇಶಿಸಿದ ಚಿತ್ರದಲ್ಲಿ ಟೆರೆನ್ಸ್ ಸ್ಟ್ಯಾಂಪ್ ಟ್ರಾಯ್, ಜೂಲಿ ಕ್ರಿಸ್ಟಿ ಬಾತ್‌ಶೆಬಾ. ಕತ್ತಿವರಸೆಯನ್ನು ಅಲ್ಲಿ ಜರೀಗಿಡದ ತಗ್ಗಿನಿಂದ ತೆಗೆದು ಮೇಡನ್ ಕ್ಯಾಸಲ್ ಎಂಬ ಪ್ರಾಚೀನ ಕೋಟೆಗುಡ್ಡದ ಬಯಲಿಗೆ ಹಾಕಿದ್ದಾರೆ. ಹಸಿರು ಏರಿನ ಮೇಲೆ ಕೆಂಪು ಕೋಟಿನ ಮನುಷ್ಯ ಓಡಿ ಬರುತ್ತಾನೆ. ಅದು ಯುದ್ಧದ ಹಾಗೂ ಕಾಣುತ್ತದೆ, ಕುಣಿತದ ಹಾಗೂ ಕಾಣುತ್ತದೆ. 2015ರಲ್ಲಿ ಥಾಮಸ್ ವಿಂಟರ್‌ಬರ್ಗ್ ಮಾಡಿದ ಚಿತ್ರದಲ್ಲಿ ಟಾಮ್ ಸ್ಟರಿಡ್ಜ್ ಟ್ರಾಯ್, ಕ್ಯಾರಿ ಮಲ್ಲಿಗನ್ ಬಾತ್‌ಶೆಬಾ. ಅಲ್ಲಿ ದೃಶ್ಯ ಮತ್ತೆ ಕಾಡಿಗೆ ಬಂದಿದೆ, ಮುಚ್ಚಿಕೊಂಡಿದೆ, ಸದ್ದು ಕಡಿಮೆ. ಹಳೆಯ ಚಿತ್ರ ಎರಡೂಮುಕ್ಕಾಲು ಗಂಟೆ ದಾಟುತ್ತದೆ, ಹೊಸದು ಸುಮಾರು ಎರಡು ಗಂಟೆ. ಟ್ರಾಯ್‌ಗೆ ಮೈಚಾಚಿಕೊಳ್ಳಲು ಜಾಗ ಸಿಕ್ಕಿರುವುದು ಹಳೆಯದರಲ್ಲೇ. ಸ್ಟ್ಯಾಂಪ್‌ನನ್ನು ನೋಡುತ್ತ ಕೂತರೆ ಬಾತ್‌ಶೆಬಾ ಯಾಕೆ ಸೋತಳು ಎಂದು ಯಾರೂ ಕೇಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಇದೇ ಕಾದಂಬರಿಯ ಎಳೆ ಹಿಡಿದು ಹೊರಟ 'ಟಮಾರಾ ಡ್ರೂ' (2010) ಚಿತ್ರದಲ್ಲಂತೂ ಸಿಪಾಯಿಯ ಜಾಗಕ್ಕೆ ರಾಕ್ ಬ್ಯಾಂಡಿನ ಡ್ರಮ್ಮರ್ ಬಂದಿದ್ದಾನೆ. ಕಾಲ ಬದಲಾದ ಹಾಗೆ ಸಮವಸ್ತ್ರವೂ ಬದಲಾಗುತ್ತದೆ, ಅಷ್ಟೇ.

ಈ ಎರಡನೇ ಪಠ್ಯದಲ್ಲಿ ನಿರ್ದೇಶಕಿ ಇನ್ನೊಂದು ತೀರ್ಮಾನ ಮಾಡಿದರು. ಮುಂದಿನ ತೊಂದರೆಗೆಲ್ಲ ಅದೇ ಮೂಲ. ಪ್ರೇಕ್ಷಕರು ಬಾತ್‌ಶೆಬಾಳ ಜೊತೆಯಲ್ಲೇ ಮೋಸ ಹೋಗಲಿ ಎಂದು ಫ್ಯಾನಿಯ ಕಥೆಯನ್ನು ಕೊನೆಯ ತನಕ ಮುಚ್ಚಿಟ್ಟರು. ಮೊದಲರ್ಧದ ಫ್ಯಾನಿ ದೃಶ್ಯಗಳೆಲ್ಲ ಹೋದವು. ಶವಪೆಟ್ಟಿಗೆ ರಂಗಕ್ಕೆ ಬಂದಾಗಲೇ ಗುಟ್ಟು ರಟ್ಟಾಗಬೇಕು. ಸಮಯವೂ ಉಳಿಯಿತು.

ಏನಾಯಿತು

ಪ್ರದರ್ಶನ ಗೆದ್ದಿತು. ಕತ್ತಿವರಸೆಗೆ ಶಿಳ್ಳೆ ಬಿತ್ತು. ಗಡಿಯಾರದ ದೃಶ್ಯದಲ್ಲಿ ಸಭಾಂಗಣ ಮುಗುಳ್ನಕ್ಕಿತು. ಬಾತ್‌ಶೆಬಾ ದಡ್ಡಿ ಎಂದು ಯಾರೂ ಹೇಳಲಿಲ್ಲ.

ಆಮೇಲೆ ಶವಪೆಟ್ಟಿಗೆಯ ದೃಶ್ಯ ಬಂತು. ಫ್ಯಾನಿಯನ್ನೂ ಮಗುವನ್ನೂ ನೋಡಿ ಟ್ರಾಯ್ ಕುಸಿಯುತ್ತಾನೆ, ಸತ್ತ ಹುಡುಗಿಗೆ ಮುತ್ತಿಡುತ್ತಾನೆ. ಎದುರಿಗೆ ನಿಂತ ಹೆಂಡತಿಗೆ, ಸತ್ತರೂ ಇವಳೇ ನನಗೆ ಹೆಚ್ಚು, ನೀನು ನನಗೆ ಏನೂ ಅಲ್ಲ ಎನ್ನುತ್ತಾನೆ. ಕಾದಂಬರಿಯಲ್ಲಿ ಇಷ್ಟು ಕ್ರೂರ ಘಟ್ಟ ಇನ್ನೊಂದಿಲ್ಲ. ಬದುಕಿದ್ದವಳಿಗೆ ಕೊಡದ ಪ್ರೀತಿಯನ್ನು ಸತ್ತವಳಿಗೆ ಕೊಡುತ್ತಾನೆ, ಅದೇ ಪ್ರೀತಿಯಿಂದ ಬದುಕಿರುವವಳಿಗೆ ಹೊಡೆಯುತ್ತಾನೆ.

ಸಭಾಂಗಣದಲ್ಲಿ ಹಲವರು ಅತ್ತರು. ಹೊರಗೆ ಬಂದು ಆಡಿದ ಮಾತು ಕೇಳಿ: "ಪಾಪ, ಅವನಿಗೆ ಮೊದಲ ಹುಡುಗಿ ಮೇಲೇ ನಿಜವಾದ ಪ್ರೀತಿ ಇತ್ತು." "ಇವಳು ಮಧ್ಯೆ ಬಂದು ಕೆಡಿಸಿದಳು." ಟ್ರಾಯ್ ಪಾತ್ರದ ಹುಡುಗನ ಜೊತೆ ಫೋಟೋ ತೆಗೆಸಿಕೊಳ್ಳಲು ಸಾಲು ನಿಂತಿತ್ತು. ಫ್ಯಾನಿ ಆದ ಹುಡುಗಿಯನ್ನು ಯಾರೂ ಗುರುತು ಹಿಡಿಯಲಿಲ್ಲ.

ಮರುದಿನದ ತಾಲೀಮಿನಲ್ಲಿ ಆ ಹುಡುಗಿ ಕೇಳಿದಳು: "ಅಕ್ಕಾ, ನಾನು ಬರೀ ಹೆಣವಾಗೋಕೆ ಬರ್ತಿದ್ದೀನಾ?"

ಅವಳು ಜಗಳಕ್ಕೆ ಕೇಳಿದ್ದಲ್ಲ. ಮೊದಲ ನಾಟಕ, ಮಾತೇ ಇಲ್ಲ ಎಂಬ ಬೇಸರ ಅಷ್ಟೇ. ಆದರೆ ಇಡೀ ಪ್ರಕರಣ ತಿರುಗಿದ್ದು ಆ ಮಾತಿನಿಂದ. ನಿರ್ದೇಶಕಿ ತಕ್ಷಣ ಉತ್ತರ ಕೊಡಲಿಲ್ಲ. ಅವತ್ತು ತಾಲೀಮು ನಿಲ್ಲಿಸಿ, ಕಾದಂಬರಿಯಲ್ಲಿ ಫ್ಯಾನಿ ಎಲ್ಲೆಲ್ಲಿ ಬರುತ್ತಾಳೆ ಎಂದು ಎಲ್ಲರೂ ಸೇರಿ ಹುಡುಕೋಣ ಎಂದರು.

ಹುಡುಕಿದಾಗ ಸಿಕ್ಕಿದ್ದು

ಟ್ರಾಯ್ ಬಾತ್‌ಶೆಬಾಳ ಎದುರು ಮೊದಲ ಸಲ ಬರುವುದು 24ನೇ ಅಧ್ಯಾಯದಲ್ಲಿ. ರಾತ್ರಿ, ದೇವದಾರು ತೋಪಿನ ಕತ್ತಲು. ಅವಳ ಲಂಗದ ಅಂಚು ಅವನ ಬೂಟಿನ ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ. ಲಾಂದ್ರದ ಮುಚ್ಚಳ ತೆರೆದರೆ ಹಿತ್ತಾಳೆಯ ಗುಂಡಿ, ಕಡುಗೆಂಪು ಕೋಟು ಥಳಥಳ ಹೊಳೆಯುತ್ತವೆ. ಬಿಡಿಸುವ ನೆಪದಲ್ಲಿ ಅವನು ಬೇಕೆಂದೇ ತಡ ಮಾಡುತ್ತಾನೆ.

ಆದರೆ ಓದುಗರು ಅವನ ಧ್ವನಿಯನ್ನು ಅದಕ್ಕೂ ಎಷ್ಟೋ ಮೊದಲು, 11ನೇ ಅಧ್ಯಾಯದಲ್ಲೇ ಕೇಳಿರುತ್ತಾರೆ. ಹಿಮ ಬೀಳುವ ರಾತ್ರಿ. ನದಿಯ ಆಚೆ ಸೈನ್ಯದ ಬ್ಯಾರಕ್ಕಿನ ಗೋಡೆ. ಈಚೆ ದಡದಲ್ಲಿ ಒಂದು ಚಿಕ್ಕ ಆಕೃತಿ. ಅದು ಹಿಮದ ಉಂಡೆ ಮಾಡಿ ಒಂದು ಕಿಟಕಿಗೆ ಎಸೆಯುತ್ತದೆ. ಗುರಿ ತಪ್ಪುತ್ತದೆ, ಮತ್ತೆ ಎಸೆಯುತ್ತದೆ. ಕೊನೆಗೆ ಕಿಟಕಿ ತೆರೆಯುತ್ತದೆ. ಸಾರ್ಜೆಂಟ್ ಟ್ರಾಯ್ ಬೇಕು ಎನ್ನುತ್ತಾಳೆ. ಕಿಟಕಿ ತೆರೆದವನೇ ಟ್ರಾಯ್. ಅವನು ಕೇಳುವುದೇನು ಗೊತ್ತೇ? ನೀನು ಯಾವ ಹುಡುಗಿ? ಎಂದು.

ಈ ಸಾಲನ್ನು ಜೋರಾಗಿ ಓದಿದಾಗ ತಾಲೀಮಿನ ಕೋಣೆಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಬೋಲ್ಡ್‌ವುಡ್ ಪಾತ್ರದ ಹಿರಿಯ ಕಲಾವಿದರು ಹೇಳಿದರು: "ಶಕುಂತಲೆಯನ್ನ ಮರೆತ ದುಷ್ಯಂತನಿಗೆ ದೂರ್ವಾಸರ ಶಾಪ ಅಂತ ಒಂದು ನೆಪ ಇತ್ತು. ಇವನಿಗೆ ಏನಿತ್ತಪ್ಪಾ?"

ಫ್ಯಾನಿ ತನ್ನನ್ನು ಅವನ ಹೆಂಡತಿ ಎಂದೇ ಕರೆದುಕೊಳ್ಳುತ್ತಾಳೆ. ಮದುವೆ ಯಾವಾಗ ಎಂದು ಕೇಳುತ್ತಾಳೆ. ಅಧಿಕಾರಿಗಳ ಅಪ್ಪಣೆ ಸಿಕ್ಕಿತಾ ಎಂದು ಕೇಳುತ್ತಾಳೆ. ಕೇಳುವುದನ್ನೇ ಮರೆತೆ ಎನ್ನುತ್ತಾನೆ. ಕಿಟಕಿ ಮುಚ್ಚುತ್ತದೆ. ಅವಳು ಹೊರಡುವಾಗ ಒಳಗೆ ಯಾರೋ ಅವನನ್ನು ಛೇಡಿಸುವುದು, ಸಿಪಾಯಿಗಳೆಲ್ಲ ನಗುವುದು ಸಣ್ಣಗೆ ಕೇಳುತ್ತದೆ. ಹೊರಗೆ ಹರಿಯುವ ನೀರಿನ ಸದ್ದಿನಲ್ಲಿ ಆ ನಗು ಬೆರೆತುಹೋಗುತ್ತದೆ.

ನಂತರ ಚರ್ಚಿನ ಅಧ್ಯಾಯ. ಟ್ರಾಯ್ ಮದುವೆಗೆಂದು ಬಂದು ನಿಂತಿದ್ದಾನೆ. ಫ್ಯಾನಿ ಹೆಸರು ತಪ್ಪಾಗಿ ತಿಳಿದು ಆಲ್ ಸೇಂಟ್ಸ್ ಬದಲು ಆಲ್ ಸೋಲ್ಸ್ ಚರ್ಚಿಗೆ ಹೋಗಿ ಕಾಯುತ್ತಿದ್ದಾಳೆ. ಇವನಿರುವ ಚರ್ಚಿನ ಗಡಿಯಾರದ ಗೊಂಬೆ ಕಾಲು ಗಂಟೆಗೊಮ್ಮೆ ಹೊರಬಂದು ಗಂಟೆ ಬಾರಿಸುತ್ತದೆ. ಮದುವೆ ನೋಡಲು ಕೂತ ಹೆಂಗಸರು ಕಿಸಕ್ಕನೆ ನಗುತ್ತಾರೆ. ಆಮೇಲೆ ಫ್ಯಾನಿ ಚೌಕದಲ್ಲಿ ಸಿಕ್ಕಿ, ನಾಳೆ ಮಾಡಿಕೊಳ್ಳೋಣವಾ ಎಂದು ಕೇಳಿದರೆ ಅವನಿಗೆ ಮುಖ್ಯವಾಗುವುದು ತನಗಾದ ಅವಮಾನ. ಅವಳ ಇಡೀ ಬದುಕು ಅಲ್ಲಿಗೆ ಮುಗಿಯಿತು. ಅವನು ಅವತ್ತು ಮದುವೆಗೆ ಬಂದಿದ್ದ ಎಂಬುದೂ ನಿಜ. ಈ ಎರಡನ್ನೂ ಹಾರ್ಡಿ ಒಟ್ಟಿಗೇ ಹೇಳುತ್ತಾನೆ.

ಕೊನೆಯದು 40ನೇ ಅಧ್ಯಾಯ. ತುಂಬು ಬಸುರಿ ಫ್ಯಾನಿ ರಾತ್ರಿಯಿಡೀ ಕ್ಯಾಸ್ಟರ್‌ಬ್ರಿಜ್ ಪಟ್ಟಣದ ಬಡವರ ವಸತಿಗೃಹದತ್ತ ನಡೆಯುತ್ತಾಳೆ. ಕೋಲುಗಳನ್ನು ಊರುಗೋಲು ಮಾಡಿಕೊಳ್ಳುತ್ತಾಳೆ. ಇನ್ನು ಐದೇ ಕಂಬ, ಅಲ್ಲಿಗೆ ಮುಗಿಯಿತು ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡು ಬೇಲಿಯ ಕಂಬಗಳನ್ನು ದಾಟುತ್ತಾಳೆ. ಐದಾದ ಮೇಲೆ ಇನ್ನೈದು. ಕೊನೆಗೆ ಒಂದು ಬೀದಿನಾಯಿಯ ಆಸರೆ ಹಿಡಿದು ಬಾಗಿಲು ತಲುಪುತ್ತಾಳೆ. ನಾಯಿಯನ್ನು ಅಲ್ಲಿನವರು ಕಲ್ಲು ಹೊಡೆದು ಓಡಿಸುತ್ತಾರೆ. ಶವಪೆಟ್ಟಿಗೆಯ ಮೇಲೆ ಸೀಮೆಸುಣ್ಣದಲ್ಲಿ 'ಫ್ಯಾನಿ ರಾಬಿನ್ ಮತ್ತು ಮಗು' ಎಂದು ಬರೆದಿರುತ್ತದೆ. ಬಾತ್‌ಶೆಬಾಳಿಗೆ ನೋವಾಗದಿರಲಿ ಎಂದು ಗೇಬ್ರಿಯಲ್ 'ಮತ್ತು ಮಗು' ಎಂಬುದನ್ನು ಕರವಸ್ತ್ರದಿಂದ ಒರೆಸುತ್ತಾನೆ.

ಹಾರ್ಡಿ ಏನನ್ನೂ ಮುಚ್ಚಿಟ್ಟಿಲ್ಲ ಎಂಬುದು ತಂಡಕ್ಕೆ ಆಗ ಸ್ಪಷ್ಟವಾಯಿತು. ಎಚ್ಚರಿಕೆಯನ್ನು ಮೊದಲೇ ಕೊಟ್ಟುಬಿಡುತ್ತಾನೆ. ಅದಾದ ಮೇಲೆ ಕೆಂಪು ಕೋಟು, ಕತ್ತಿ, ಗಡಿಯಾರ ತೋರಿಸುತ್ತಾನೆ. ಎಲ್ಲ ಗೊತ್ತಿದ್ದೂ ಓದುಗರು ಕರಗುತ್ತಾರೆ. ಆ ಕಾರಣಕ್ಕೇ ಬಾತ್‌ಶೆಬಾಳ ಮೇಲೆ ಕಲ್ಲೆಸೆಯಲು ಕೈ ಏಳುವುದಿಲ್ಲ. ಗೊತ್ತಿದ್ದ ನಾವೇ ಮರುಳಾದೆವು, ಅವಳಿಗಂತೂ ಗೊತ್ತೇ ಇರಲಿಲ್ಲ.

ಗುಟ್ಟನ್ನು ಕೊನೆಗೆ ಬಿಚ್ಚುವ ದಾರಿ ತಪ್ಪೆಂದಲ್ಲ. ಜೇನ್ ಆಸ್ಟಿನ್ 1813ರ 'ಪ್ರೈಡ್ ಅಂಡ್ ಪ್ರಿಜುಡಿಸ್'ನಲ್ಲಿ ವಿಕ್‌ಹ್ಯಾಮ್ ಎಂಬ ಚೆಲುವ ಸೈನ್ಯಾಧಿಕಾರಿಯನ್ನು ಹಾಗೆಯೇ ತರುತ್ತಾಳೆ. ಅವನ ನಿಜ ಬಣ್ಣ ಡಾರ್ಸಿಯ ಪತ್ರದಿಂದ ತಿಳಿಯುವ ತನಕ ಎಲಿಜಬೆತ್ ಜೊತೆ ನಾವೂ ಮೋಸ ಹೋಗಿರುತ್ತೇವೆ. ಅಲ್ಲಿ ಅದು ಚೆನ್ನಾಗಿ ಒಗ್ಗುತ್ತದೆ. ಅವನ ಬಲೆಗೆ ಬಿದ್ದಿದ್ದ ಹದಿನೈದರ ಜಾರ್ಜಿಯಾನಾ ಸರಿಯಾದ ಹೊತ್ತಿಗೆ ಪಾರಾಗಿರುತ್ತಾಳೆ. ಲಿಡಿಯಾಗೆ ಹೇಗೋ ಮದುವೆಯಾಗುತ್ತದೆ. ಯಾರೂ ಸಾಯುವುದಿಲ್ಲ. ಮೋಸ ಹೋದ ಹುಡುಗಿ ಸತ್ತೇ ಹೋಗುವ ಕಥೆಗೆ ಅದೇ ಉಪಾಯ ಹಾಕಿದರೆ, ಅವಳು ಗಂಡಸಿನ ಪಶ್ಚಾತ್ತಾಪಕ್ಕೆ ಒಂದು ಸಾಮಾನಾಗಿಬಿಡುತ್ತಾಳೆ. ತಂಡದ ಎರಡನೇ ಪ್ರದರ್ಶನದಲ್ಲಿ ಆದದ್ದು ಅದೇ.

ಮೂರನೇ ಪಠ್ಯ

ಈಗ ನಾಟಕ ಹಿಮದ ರಾತ್ರಿಯಿಂದ ಶುರುವಾಗುತ್ತದೆ. ಟ್ರಾಯ್ ಕಾಣುವುದಿಲ್ಲ. ರಂಗದ ಒಂದು ಮೂಲೆಯಲ್ಲಿ ಎತ್ತರಕ್ಕೆ ಬೆಳಕಿನ ಚೌಕ, ಅದೇ ಕಿಟಕಿ. ಫ್ಯಾನಿ ಬೆನ್ನು ತಿರುಗಿಸಿ ನಿಂತು ಹತ್ತಿಯ ಉಂಡೆ ಎಸೆಯುತ್ತಾಳೆ. ಗುರಿ ತಪ್ಪುವುದನ್ನು ಅಭಿನಯಿಸಬೇಡ, ನಿಜವಾಗಿಯೂ ಎಸೆ, ಬೀಳುವ ತನಕ ಎಸೆ ಎಂದು ನಿರ್ದೇಶಕಿ ಹೇಳಿದರು. ಹಾಗಾಗಿ ಪ್ರತಿ ಪ್ರದರ್ಶನದಲ್ಲೂ ಅದಕ್ಕೆ ಬೇರೆ ಬೇರೆ ಹೊತ್ತು ಹಿಡಿಯುತ್ತದೆ. ಒಮ್ಮೆ ತೀರ ತಡವಾಗಿ ಪ್ರೇಕ್ಷಕರು ಚಡಪಡಿಸಿದರು. ಆ ಚಡಪಡಿಕೆ ಒಳ್ಳೆಯದೇ ಎಂದು ನನಗೆ ಅನ್ನಿಸಿತು. ಆಮೇಲೆ ಧ್ವನಿ ಮಾತ್ರ: "ಯಾವ ಹುಡುಗಿ ನೀನು?" ಹಿಂದೆಯೇ ನಗು.

ಟ್ರಾಯ್ ಹುಡುಗ ಇದಕ್ಕೆ ಒಪ್ಪಲು ಹೊತ್ತು ಹಿಡಿಯಿತು. "ಮೊದಲೇ ನನ್ನನ್ನ ಕೆಟ್ಟವನು ಮಾಡಿಟ್ರೆ ಕತ್ತಿವರಸೆಗೆ ಯಾರು ಸೋಲ್ತಾರೆ ಅಕ್ಕಾ?" ಎಂಬುದು ಅವನ ವಾದ. ನ್ಯಾಯವಾದ ಪ್ರಶ್ನೆ. ನಿರ್ದೇಶಕಿಯ ಉತ್ತರ: "ಆದ್ರೂ ಸೋಲೋ ಹಾಗೆ ಮಾಡು. ನಿನ್ನ ಪಾತ್ರ ಇರೋದೇ ಅಲ್ಲಿ." ಅವನು ಪಟ್ಟು ಹಿಡಿದು ದುಡಿದ. ಕತ್ತಿವರಸೆಯಲ್ಲಿ ಒಂದು ಬದಲಾವಣೆಯನ್ನೂ ಅವನೇ ಸೂಚಿಸಿದ. ಮೊದಲು ಅವನು ಪ್ರೇಕ್ಷಕರಿಗೆ ಕಾಣುವ ಹಾಗೆ ಕತ್ತಿ ಬೀಸುತ್ತಿದ್ದ. ಈಗ ಪೂರ್ತಿ ಅವಳನ್ನೇ ನೋಡುತ್ತಾನೆ, ಪ್ರೇಕ್ಷಕರು ಇಲ್ಲವೇ ಇಲ್ಲ ಎಂಬಂತೆ. ಯಾರಾದರೂ ನಮ್ಮನ್ನು ಅಷ್ಟು ಗಮನ ಕೊಟ್ಟು ನೋಡಿದರೆ ಏನಾಗುತ್ತದೆ ಎಂಬುದು ಸಭಾಂಗಣಕ್ಕೆ ತಾನಾಗಿಯೇ ತಿಳಿಯಿತು. ಶಿಳ್ಳೆ ಬೀಳಲಿಲ್ಲ. ಜನ ಉಸಿರು ಬಿಗಿಹಿಡಿದು ಕೂತಿದ್ದರು.

ಮದುವೆಯ ನಂತರದ ಭಾಗದಲ್ಲಿ ದುಡ್ಡಿನ ವಿಷಯವನ್ನು ಎದ್ದು ಕಾಣುವಂತೆ ಇಟ್ಟರು. ಸುಗ್ಗಿಯ ಔತಣದ ರಾತ್ರಿ ಬಿರುಗಾಳಿ ಬರುತ್ತಿದೆ ಎಂದು ಗೇಬ್ರಿಯಲ್ ಎಚ್ಚರಿಸಿದರೂ ಟ್ರಾಯ್ ಕೇಳುವುದಿಲ್ಲ. ಆಳುಗಳಿಗೆಲ್ಲ ಬ್ರಾಂದಿ ಕುಡಿಸಿ ಮಲಗಿಸಿಬಿಡುತ್ತಾನೆ. ಬಯಲಲ್ಲಿ ಎಂಟು ಬಣವೆ, 750 ಪೌಂಡಿನ ಧಾನ್ಯ. ಅದನ್ನು ಉಳಿಸುವುದು ಗೇಬ್ರಿಯಲ್, ಜೊತೆಗೆ ಬಾತ್‌ಶೆಬಾ. ಕುದುರೆ ಜೂಜಿನಲ್ಲಿ ಒಂದು ತಿಂಗಳಲ್ಲಿ 100 ಪೌಂಡಿಗೂ ಜಾಸ್ತಿ ಕಳೆಯುತ್ತಾನೆ. ಫ್ಯಾನಿಗೆ ಕೊಡಲೆಂದು 20 ಪೌಂಡನ್ನು ಹೆಂಡತಿಯ ಹತ್ತಿರವೇ ಕೇಳುತ್ತಾನೆ, ಯಾರಿಗೆಂದು ಹೇಳುವುದಿಲ್ಲ. ಇಷ್ಟು ಅಂಕಿಗಳನ್ನು ರಂಗದ ಮೇಲೆ ಆಡಿಸಿದ್ದು ಒಳ್ಳೆಯದಾಯಿತು. ನಮ್ಮ ಪ್ರೇಕ್ಷಕರಿಗೆ ಬಣವೆ, ಮಳೆ, ಜೂಜು, ಹೆಂಡತಿಯ ದುಡ್ಡು ಯಾವುದನ್ನೂ ಬಿಡಿಸಿ ಹೇಳಬೇಕಾಗಿಲ್ಲ.

ಶವಪೆಟ್ಟಿಗೆಯ ದೃಶ್ಯದಲ್ಲಿ ಒಂದೂ ಮಾತು ಬದಲಾಯಿಸಲಿಲ್ಲ. ಅದೇ ಹುಡುಗ, ಅದೇ ಅಳು. ಆದರೆ ಈ ಸಲ ಪ್ರೇಕ್ಷಕರಿಗೆ ಫ್ಯಾನಿ ಪರಿಚಯದವಳು. ಅವಳು ಹಿಮದಲ್ಲಿ ನಿಂತದ್ದನ್ನು ಕಂಡಿದ್ದಾರೆ, ಕಂಬ ಎಣಿಸಿದ್ದನ್ನು ಕೇಳಿದ್ದಾರೆ. ಟ್ರಾಯ್ "ನೀನು ನನಗೆ ಏನೂ ಅಲ್ಲ" ಎಂದಾಗ ಎರಡನೇ ಸಾಲಿನ ಹೆಂಗಸೊಬ್ಬರು ಜೋರಾಗಿಯೇ ಅಂದುಬಿಟ್ಟರು: "ಅವಳಿಗೂ ಇದನ್ನೇ ಹೇಳಿದ್ದೆಯಲ್ಲೋ!" ಪಠ್ಯದಲ್ಲಿ ಎಲ್ಲೂ ಇಲ್ಲದ ಈ ಮಾತಿಗಾಗಿಯೇ ತಂಡ ಇಷ್ಟೆಲ್ಲ ಕಷ್ಟಪಟ್ಟಿತ್ತು ಎನ್ನಬಹುದು.

ಎಲ್ಲ ಸರಿಹೋಯಿತು ಎಂದು ಹೇಳಲಾರೆ. ನಾಟಕ ಉದ್ದವಾಯಿತು. ಗೇಬ್ರಿಯಲ್‌ನ ಎರಡು ಒಳ್ಳೆಯ ದೃಶ್ಯಗಳು ಕತ್ತರಿಗೆ ಹೋದವು, ಆ ಪಾತ್ರದವರಿಗೆ ಅದರ ನೋವು ಇನ್ನೂ ಇದೆ. ಕೆಲವು ಪ್ರೇಕ್ಷಕರಿಗೆ ಶುರುವಿನ ಭಾಗ ಭಾರವಾಯಿತು. ಟ್ರಾಯ್ ಮೇಲೆ ಮರುಕಪಟ್ಟವರು ಈಗಲೂ ಇದ್ದರು. ಇರಲಿ. ಹಾರ್ಡಿಯೇ ಅವನ ಮೇಲೆ ಪೂರ್ತಿ ಬಾಗಿಲು ಹಾಕಿಲ್ಲ. ಈ ಪಾತ್ರಕ್ಕೆ ಕೈಹಾಕುವ ಬೇರೆ ತಂಡಗಳಿಗೆ ನಾನು ಹೇಳುವುದಿಷ್ಟು: ಟ್ರಾಯ್ ಎಷ್ಟು ಚೆಲುವನಾಗಿರಬೇಕು ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಫ್ಯಾನಿ ಯಾವಾಗ ರಂಗಕ್ಕೆ ಬರುತ್ತಾಳೆ ಎಂಬುದನ್ನು ತೀರ್ಮಾನಿಸಿ. ಅವಳು ಮೊದಲು ಬಂದರೆ ಅವನಿಗೆ ಎಷ್ಟು ಮಿಂಚು ಬೇಕಾದರೂ ಕೊಡಬಹುದು.

ಕೊನೆಯ ತೀರ್ಮಾನ ಗೋರಿಯ ದೃಶ್ಯದ ಬಗ್ಗೆ. ಟ್ರಾಯ್ ಕೈಯಲ್ಲಿದ್ದ ದುಡ್ಡನ್ನೆಲ್ಲ ಸುರಿದು ಫ್ಯಾನಿಗೆ ಕಲ್ಲು ಮಾಡಿಸಿ, ರಾತ್ರಿ ಲಾಂದ್ರದ ಬೆಳಕಿನಲ್ಲಿ ಹೂವಿನ ಗಿಡ ನೆಡುತ್ತಾನೆ. ಚರ್ಚಿನ ಮಾಡಿನ ವಿಕಾರಮುಖದ ದೋಣಿಯಿಂದ ಮಳೆನೀರು ನೇರ ಸುರಿದು ಗಿಡಗಳೆಲ್ಲ ಕೊಚ್ಚಿಹೋಗುತ್ತವೆ. ಅವನು ಬೇಸರಗೊಂಡು ಅಲ್ಲಿಂದಲೇ ಊರು ಬಿಟ್ಟುಹೋಗುತ್ತಾನೆ. ಟ್ರಾಯ್ ಹುಡುಗನಿಗೆ ಈ ದೃಶ್ಯದ ಮೇಲೆ ತುಂಬ ಆಸೆ ಇತ್ತು. ಆದರೆ ಅದರ ಮುಂದಿನ ಪುಟಗಳಲ್ಲಿ ಬಾತ್‌ಶೆಬಾ ಅಲ್ಲಿಗೆ ಬರುತ್ತಾಳೆ. ಗೇಬ್ರಿಯಲ್‌ಗೆ ಗುಂಡಿ ಮುಚ್ಚಲು ಹೇಳುತ್ತಾಳೆ. ಗಿಡಗಳನ್ನು ತಾನೇ ಆರಿಸಿ ಮತ್ತೆ ನೆಡುತ್ತಾಳೆ, ಕಲ್ಲಿನ ಮೇಲಿನ ಕೆಸರು ಒರೆಸುತ್ತಾಳೆ, ಆ ದೋಣಿಯ ಬಾಯಿ ಬೇರೆ ಕಡೆ ತಿರುಗಿಸುವಂತೆ ಚರ್ಚಿನವರಿಗೆ ಹೇಳಿಸುತ್ತಾಳೆ. ಎರಡಕ್ಕೂ ಸಮಯವಿರಲಿಲ್ಲ. ನಿರ್ದೇಶಕಿ ಎರಡನೆಯದನ್ನು ಇಟ್ಟುಕೊಂಡರು. ಟ್ರಾಯ್ ಗಿಡ ನೆಟ್ಟಿದ್ದು ಈಗ ಗೇಬ್ರಿಯಲ್‌ನ ಒಂದು ಮಾತಿನಲ್ಲಿ ಬಂದು ಹೋಗುತ್ತದೆ. ಆ ಹುಡುಗ ಒಂದು ವಾರ ಮುನಿಸಿಕೊಂಡಿದ್ದ, ಆಮೇಲೆ ತಾನೇ ಬಂದು ಆ ದೃಶ್ಯಕ್ಕೆ ಹಿನ್ನೆಲೆಯ ಮಳೆಯ ಸದ್ದು ಮಾಡಿಕೊಡುತ್ತೇನೆ ಎಂದ. ತಂಡ ಈಗ ಆಡುತ್ತಿರುವುದು ಈ ಪಠ್ಯವನ್ನೇ.